ಲಾಡಿ ಕಟ್ಟಿದ ಏಳನೆಯ ಇಯತ್ತೆ

ಮಾಸ್ತರಿಕೆಯ ಮೊದಲ ವರ್ಷದಲ್ಲಿ ನನ್ನ ಆಸ್ತಿಯೆಂದರೆ ಎರಡು ಅಂಗಿ, ಒಂದು ಕರಿ ಟೊಪ್ಪಿಗೆ ಮತ್ತು ಹಿರಿಯರ ಉಪದೇಶಗಳನ್ನು ಬರೆದಿಟ್ಟುಕೊಂಡ ಒಂದು ವಹಿ. ಅಂಗಿಗಳು ಬೇಗನೆ ಹರಿದವು. ವಹಿ ಮಾತ್ರ ತುಂಬುತ್ತಲೇ ಹೋಯಿತು.

ಸವಣೂರಿನಲ್ಲಿ ನನಗೆ ಅಕ್ಷರ ಕಲಿಸಿದ ಮುದುಕ ಮಾಸ್ತರರು, “ಛಡಿ ಕೈಯಾಗ ಇರಲಿ ನೀಲಪ್ಪ, ಆದ್ರ ಎತ್ತಬ್ಯಾಡ,” ಎಂದಿದ್ದರು. ಶಿಗ್ಗಾವಿಯ ಗೆಳೆಯನೊಬ್ಬ, “ಮೊದಲನೇ ದಿನಾನ ಒಬ್ಬನ್ನ ಬಡಿ, ವರ್ಷಪೂರ್ತಿ ಸುಖಾ ಇರ್ತಿ,” ಎಂದಿದ್ದ. ತಡಸದಲ್ಲಿ ಮೋಟಾರಿನ ದಾರಿ ಕಾಯುತ್ತ ಕುಳಿತಾಗ, ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಅಪರಿಚಿತ ಶಿಕ್ಷಕರೊಬ್ಬರು, “ದೀಪಾವಳಿ ತನಕ ಹುಡುಗರ ಮುಂದ ನಗಬ್ಯಾಡ್ರಿ,” ಎಂದು ಕಿವಿಯಲ್ಲಿ ಉಸುರಿದರು. ನಾನು ಮೂವರ ಮಾತನ್ನೂ ಬರೆದುಕೊಂಡೆ. ಮೂವರ ಮಾತನ್ನೂ ಪಾಲಿಸಲು ಹೊರಟೆ.

ನನಗೆ ದೊರೆತದ್ದು ತಿಳವಳ್ಳಿಯಾಚೆಯ ಒಂದು ಹಳ್ಳಿಯ ಶಾಲೆ. ಏಳನೆಯ ಇಯತ್ತೆಯ ವರ್ಗ, ಹತ್ತೊಂಬತ್ತು ಹುಡುಗರು. ಅದು ೧೯೩೮ರ ಜೂನ್ ತಿಂಗಳು. ನೌಕರಿ ಹಂಗಾಮಿ. ವರ್ಷ ಮುಗಿಯುವುದರೊಳಗೆ ಶಾಲೆಗಳ ತಪಾಸಣೆ ಮಾಡುವ ದಿಪೋಟಿ ಸಾಹೇಬರು ಬಂದು, ವರ್ಗವನ್ನು ಪರೀಕ್ಷಿಸಿ, ಪುಸ್ತಕದಲ್ಲಿ ತಮ್ಮ ಅಭಿಪ್ರಾಯದ ಶೇರಾ ಬರೆಯುವವರಿದ್ದರು. ಶೇರಾ ಒಳ್ಳೆಯದಾದರೆ ನಾನು ಕಾಯಂ. ಕೆಟ್ಟದಾದರೆ ಮತ್ತೆ ಗಂಟು ಹೊತ್ತು ಊರೂರು ಅಲೆಯಬೇಕು. ಚಿಕ್ಕೇರೂರಿನ ಮನೆ ಬಿಟ್ಟು ಎಂಟು ವರ್ಷ ಅಲೆದವನಿಗೆ ಆ ಮಾತಿನಲ್ಲಿ ಮೊದಲಿನ ಸೊಗಸು ಉಳಿದಿರಲಿಲ್ಲ. ಒಂದೇ ಗೂಟಕ್ಕೆ ವರ್ಷಾನುಗಟ್ಟಲೆ ಟೊಪ್ಪಿಗೆ ತೂಗುಹಾಕಬೇಕೆಂಬುದೇ ಆಗ ನನ್ನ ಪರಮ ಆಸೆಯಾಗಿತ್ತು.

ಫೆಬ್ರವರಿಯಲ್ಲಿ ಹೆಡ್ ಮಾಸ್ತರ ಗುದ್ಲೆಪ್ಪನವರು ನನ್ನನ್ನು ಕರೆದರು. “ಸಾಹೇಬರು ಬರಾಕತ್ತಾರ. ಅರ್ಧ, ಮುಕ್ಕಾಲು ಅಂತ ಅಪೂರ್ಣಾಂಕದ ಲೆಕ್ಕ ಕೇಳೋದು ಅವರ ಚಟ. ಲೆಕ್ಕ ಮಾಡಿ ತರದವಗ ಎರಡು ಛಡಿ ಹಾಕ್ರಿ, ಮುಲಾಜಿ ಬ್ಯಾಡ.”

ಅದನ್ನೂ ಬರೆದುಕೊಂಡೆ.

ಆ ವಾರವೇ ಮೊಹರಮ್ಮಿನ ಚಂದ್ರದರ್ಶನವಾಯಿತು. ಮೂರನೆಯ ದಿನ ಫಕ್ಕೀರಪ್ಪನೆಂಬ ಹುಡುಗ ಕೊರಳಲ್ಲಿ ಕೆಂಪು ಹಳದಿ ನೂಲಿನ ಲಾಡಿ ಧರಿಸಿ ವರ್ಗಕ್ಕೆ ಬಂದ.

“ಲೆಕ್ಕ ಎಲ್ಲೋ?”

“ಮಾಡಿಲ್ರಿ.”

“ಯಾಕ?”

“ಫಕೀರ ಆಗೇನ್ರಿ, ಮಾಸ್ತರ್ರ. ನಮ್ಮವ್ವನ ಹರಕಿ. ಐದು ಮನಿ ಬೇಡಾಕ ಹೋಗಿದ್ನಿ.”

ನಮ್ಮ ಸೀಮೆಯಲ್ಲಿ ಹರಕೆ ಹೊತ್ತ ಮನೆಯ ಮಕ್ಕಳು, ಜಾತಿ ಯಾವುದೇ ಇರಲಿ, ಮೊಹರಮ್ಮಿನಲ್ಲಿ ಹೀಗೆ ಫಕೀರರಾಗುತ್ತಾರೆ. ಹತ್ತನೆಯ ದಿನ ಲಾಡಿ ಇಳಿಯುವವರೆಗೆ ಅವರ ಮೇಲೆ ಯಾರೂ ಕೈ ಮಾಡುವುದಿಲ್ಲ. ಚಿಕ್ಕೇರೂರಿನಲ್ಲಿ ಬೆಳೆದ ನನಗೆ ಇದು ತಿಳಿಯದ್ದೇನಲ್ಲ. ಎತ್ತಿದ ಛಡಿಯನ್ನು ಮೆಲ್ಲನೆ ಇಳಿಸಿದೆ. ಇಳಿಯುತ್ತಿದ್ದ ಆ ಛಡಿಯನ್ನು ಉಳಿದ ಹದಿನೆಂಟು ಹುಡುಗರೂ ಕಣ್ಣರಳಿಸಿ ನೋಡಿದರು.

ಮರುದಿನ ಬೆಳಗ್ಗೆ ವರ್ಗದಲ್ಲಿ ಹದಿನಾಲ್ಕು ಲಾಡಿಗಳಿದ್ದವು.

ಲಾಡಿಯಿಲ್ಲದೆ ಕುಳಿತ ಐವರಲ್ಲಿ ಮಸೂತಿಯನ್ನು ನೋಡಿಕೊಳ್ಳುವ ಮುಜಾವರ ಖಾದರಸಾಬನ ಮೊಮ್ಮಗ ಸಿರಾಜುದ್ದೀನನೂ ಒಬ್ಬ.

“ನೀ ಯಾಕ ಕಟ್ಟಿಲ್ಲೋ?” ಎಂದು ಕೇಳಿದೆ.

“ಮನ್ಯಾಗ ಹರಕಿ ಇಲ್ರಿ. ಸುಮ್ನ ಕಟ್ಕೊಂಡ್ರ ಅಜ್ಜ ಕಾಲು ಮುರೀತಾನ್ರಿ,” ಎಂದು ಅವನು ಅತ್ಯಂತ ದುಃಖದಿಂದ ನುಡಿದ.

ಗುದ್ಲೆಪ್ಪನವರು ಬಾಗಿಲಲ್ಲಿ ನಿಂತು ಈ ನೋಟವನ್ನು ಕಂಡು ಕೆಂಡವಾದರು. “ಇದೇನು ಶಾಲಿಯೋ, ಮಸೂತಿ ಕಟ್ಟಿಯೋ? ಬಿಚ್ಚಿಸ್ರಿ ಎಲ್ಲಾರದೂ!” ಎಂದವರು ಎರಡನೆಯ ಸಾಲಿನತ್ತ ನೋಡಿ ತಟ್ಟನೆ ದನಿ ತಗ್ಗಿಸಿದರು. “ಬ್ಯಾಡ, ಬಿಚ್ಚಿಸಬ್ಯಾಡ್ರಿ. ನಮ್ಮ ಮೊಮ್ಮಗನೂ ಅದಾನ ಅದರಾಗ.”

“ಹಂಗಾದ್ರ ಏನು ಮಾಡ್ಲಿರಿ?”

“ಏನಾರ ಮಾಡ್ರಿ. ಆದ್ರ ಏನೂ ಮಾಡಬ್ಯಾಡ್ರಿ.”

ಇದನ್ನು ಹೇಗೆ ಬರೆದುಕೊಳ್ಳುವುದೆಂದು ಯೋಚಿಸುತ್ತ ಸಂಜೆ ಮಸೂತಿಗೆ ನಡೆದೆ. ಖಾದರಸಾಬ ಕಟ್ಟೆಯ ಮೇಲೆ ಕುಳಿತು ಮೊಹರಮ್ಮಿನ ದೇವರಾದ ಪಂಜಾಗಳಿಗೆ ಉಡಿಸುವ ಬಟ್ಟೆ ಮಡಚುತ್ತಿದ್ದ.

“ಹದಿನಾಲ್ಕು ಹುಡುಗರಿಗೆ ಹರಕಿ ಎಲ್ಲಿಂದ ಬಂತೋ ಖಾದರಸಾಬ?”

“ಸಕ್ಕರಿ ತಂದ್ರು, ಅವ್ವ ಕಳಿಸ್ಯಾಳ ಅಂದ್ರು. ನಾ ಸಕ್ಕರಿ ಮ್ಯಾಲ ಫಾತೆಹಾ ಓದಿ ಲಾಡಿ ಕಟ್ಟಿದೆ. ಈಗ ತಿಳೀತು, ಅದು ಹರಕಿ ಅಲ್ಲ, ನಿಮ್ಮ ಛಡಿ ಅಂಜಿಕಿ.” ಅವನು ಬಟ್ಟೆಯನ್ನು ಬದಿಗಿಟ್ಟ. “ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಬಡಿಯೋ ಮಾಸ್ತರಿಗೆ ಹುಡುಗರು ಹೊಂದಿಕೊಂತಾರ. ಬಡಿಯದವಗೂ ಹೊಂದಿಕೊಂತಾರ. ನಿಮ್ಮ ಛಡಿ ಯಾವಾಗ ಏಳತೈತಿ, ಯಾವಾಗ ಇಳೀತೈತಿ, ಅದು ನಿಮಗರ ಗೊತ್ತೈತೇನು?”

ನಾನು ಕಿಸೆಯಲ್ಲಿದ್ದ ವಹಿಯನ್ನು ಮುಟ್ಟಿಕೊಂಡೆ.

“ಇರಲಿ. ಲಾಡಿಗೊಂದು ನೇಮ ಐತಿ. ಕಟ್ಟಿಕೊಂಡವ ಸುಳ್ಳು ಹೇಳಬಾರದು. ಹೇಳಿದ್ರ ಹತ್ತನೇ ದಿನ ಅವನ ಸಕ್ಕರಿ ನಾ ಓದಂಗಿಲ್ಲ, ಹರಕಿ ತೀರಂಗಿಲ್ಲ. ಇದು ಅವರಿಗೂ ಗೊತ್ತೈತಿ.”

ಮರುದಿನ ಛಡಿಯನ್ನು ಮಾಡಿನ ಸಂದಿಯಲ್ಲಿ ಸಿಗಿಸಿ, ಹುಡುಗರಿಗೆ ಅಭಿಮುಖನಾಗಿ ನಿಂತೆ. “ಅಪೂರ್ಣಾಂಕ ಯಾರ್ಯಾರಿಗೆ ತಿಳಿದಿಲ್ಲ, ಕೈ ಎತ್ರಿ.”

ಎಂಟು ತಿಂಗಳು ಈ ಪ್ರಶ್ನೆಗೆ ‘ತಿಳಿದೈತ್ರಿ’ ಎಂಬ ಒಕ್ಕೊರಲಿನ ಘೋಷವೇ ಉತ್ತರವಾಗಿತ್ತು. ಆ ದಿನ ಮೊದಲು ಫಕ್ಕೀರಪ್ಪನ ಕೈ ಎದ್ದಿತು. ಅನಂತರ ಒಂದೊಂದಾಗಿ ಲಾಡಿ ಕಟ್ಟಿದ ಉಳಿದ ಹದಿಮೂರು ಹುಡುಗರ ಕೈಗಳು. ಸಿರಾಜುದ್ದೀನನು ಅತ್ತಿತ್ತ ನೋಡಿ, ಲಾಡಿಯಿಲ್ಲದಿದ್ದರೂ ತಾನೂ ಕೈ ಎತ್ತಿದ. ಇಷ್ಟು ದಿನ ನಾನು ಕಲಿಸಿದ್ದಾದರೂ ಯಾರಿಗೆ?

ಅವರು ಬೇಡಿ ತಂದ ಜೋಳವನ್ನೇ ನೆಲದ ಮೇಲೆ ಸುರಿದು, ಐದು ಮನೆಗಳ ಪಾಲು ಮಾಡಿ, ಐದರಲ್ಲೊಂದು, ಐದರಲ್ಲೆರಡು ಎಂದು ಮೊದಲಿನಿಂದ ಆರಂಭಿಸಿದೆ. ಮೂರು ದಿನ ಹೀಗೆ ನಡೆಯಿತು. ಕೂಡುವುದು ಕಳೆಯುವುದು ಬಂದವು. ಭಾಗಾಕಾರ ಬರಲಿಲ್ಲ. ಎಂಟನೆಯ ದಿನ ದಿಪೋಟಿ ಸಾಹೇಬರು ಬಂದರು.

ಅವರು ಘಟ್ಟದ ಕೆಳಗಿನವರು. ಲಾಡಿಗಳನ್ನು ಹಬ್ಬದ ಅಲಂಕಾರವೆಂದು ಬಗೆದು ಏನೂ ಕೇಳಲಿಲ್ಲ. ನೇರವಾಗಿ ಫಕ್ಕೀರಪ್ಪನನ್ನು ಹಲಗೆಯ ಬಳಿಗೆ ಕರೆದು ಒಂದು ಲೆಕ್ಕ ಹಾಕಿದರು. ಅವನು ಅರ್ಧ ಬಿಡಿಸಿ ಸೀಮೆಸುಣ್ಣವನ್ನು ಕೆಳಗಿಟ್ಟ.

“ಮುಂದ ಬರಂಗಿಲ್ರಿ.”

“ಮಾಸ್ತರರು ಕಲಿಸಿಲ್ಲವೇ?”

ಗುದ್ಲೆಪ್ಪನವರು ಸಾಹೇಬರ ಬೆನ್ನ ಹಿಂದಿನಿಂದ ಹುಡುಗನಿಗೆ ಕಣ್ಸನ್ನೆ ಮಾಡಿದರು. ಫಕ್ಕೀರಪ್ಪ ಲಾಡಿಯನ್ನು ಮುಟ್ಟಿಕೊಂಡ. ನನ್ನ ಟೊಪ್ಪಿಗೆ ಗೂಟದಿಂದ ಕಳಚಿ ಬಿದ್ದಂತೆಯೇ ನನಗೆ ಭಾಸವಾಯಿತು.

“ಕಲಿಸ್ಯಾರ್ರಿ. ಎಂಟು ತಿಂಗಳು ತಿಳಿದಿದ್ದಿಲ್ರಿ. ಮೂರು ದಿನದಿಂದ ಅರ್ಧ ತಿಳಿಯಾಕತ್ತೈತ್ರಿ.”

“ಎಂಟು ತಿಂಗಳು ಬಾಯಿಬಿಟ್ಟು ಹೇಳಲಿಲ್ಲವೇಕೆ?”

“ಹೇಳಿದ್ರ ಬಡೀತಿದ್ರು. ಹೇಳದಿದ್ರನೂ ಬಡೀತಿದ್ರು. ಒಮ್ಮೊಮ್ಮೆ ಎರಡಕ್ಕೂ ಬಡೀತಿದ್ದಿಲ್ರಿ. ಮಾಸ್ತರಿಗೂ ಗೊತ್ತಾಗ್ತಿದ್ದಿಲ್ರಿ, ವಹಿ ತಗದು ನೋಡ್ತಿದ್ರು.”

ಸಾಹೇಬರು ವಹಿಯನ್ನು ತರಿಸಿ ಮೊದಲಿನಿಂದ ಕೊನೆಯವರೆಗೆ ಓದಿದರು. ಅವರ ಮೀಸೆ ಒಮ್ಮೆ ಅಲುಗಿತು. ನಗೆಯೋ ಸಿಟ್ಟೋ ತಿಳಿಯಲಿಲ್ಲ. ಆಮೇಲೆ ಶೇರಾ ಬರೆದು ಕುದುರೆ ಏರಿ ಹೊರಟರು. ಗುದ್ಲೆಪ್ಪನವರು ಗಟ್ಟಿಯಾಗಿ ಓದಿದರು: ‘ಈ ವರ್ಗದ ಹುಡುಗರು ತಮಗೆ ತಿಳಿಯದ್ದನ್ನು ಅಂಜದೆ ಹೇಳುತ್ತಾರೆ. ಇಂಥ ವರ್ಗವನ್ನು ನಾನು ಕಂಡಿರಲಿಲ್ಲ. ಗಣಿತ ಅರ್ಧ. ಶಿಕ್ಷಕರನ್ನು ಕಾಯಂ ಮಾಡಬಹುದು. ಛಡಿಯ ಬಗ್ಗೆ ಅವರು ಒಂದು ನಿಶ್ಚಯಕ್ಕೆ ಬರತಕ್ಕದ್ದು.’

ಹರ್ಷಪಡಬೇಕಾದ ಗಳಿಗೆಯಲ್ಲಿ ನಾನು ಬಾಗಿಲತ್ತ ನಡೆದೆ. “ಅಂಜಿಕಿ ಬಿಡಿಸಿದವ ನಾನಲ್ರಿ, ಆ ಲಾಡಿ. ಸಾಹೇಬರಿನ್ನೂ ಕೆರಿ ದಂಡಿ ದಾಟಿಲ್ಲ, ಓಡಿಹೋಗಿ ಹೇಳ್ತೇನಿ,” ಎಂದೆ.

ಗುದ್ಲೆಪ್ಪನವರು ನನ್ನ ತೋಳು ಹಿಡಿದರು. “ಸುಮ್ಕಿರ್ರಿ. ನಿಮ್ಮ ಕೊರಳಾಗೇನು ಲಾಡಿ ಐತೇನು?”

ನಾನು ಹೊಸ್ತಿಲಿನಿಂದ ಹಿಂದಕ್ಕೆ ಬಂದೆ.

ಹತ್ತನೆಯ ದಿನ ಲಾಡಿಗಳು ಇಳಿದವು. ಮರುದಿನ ವರ್ಗಕ್ಕೆ ಹೋದೆ. ಹತ್ತೊಂಬತ್ತು ಬರಿಯ ಕೊರಳುಗಳು. ಛಡಿ ಇನ್ನೂ ಮಾಡಿನ ಸಂದಿಯಲ್ಲೇ ಇತ್ತು. ಹುಡುಗರ ದೃಷ್ಟಿ ಒಮ್ಮೆ ಅದರ ಮೇಲೆ, ಒಮ್ಮೆ ನನ್ನ ಮೇಲೆ ಸುಳಿಯುತ್ತಿತ್ತು.

“ಅಪೂರ್ಣಾಂಕದ ಭಾಗಾಕಾರ ಯಾರ್ಯಾರಿಗೆ ತಿಳಿದಿಲ್ಲ?”

ಒಂದು ಕೈಯೂ ಏಳಲಿಲ್ಲ. ವಹಿಯನ್ನು ತೆಗೆಯಲೆಂದು ಕಿಸೆಗೆ ಕೈ ಹಾಕಿದೆ. ಅದನ್ನು ಸಾಹೇಬರು ಹಿಂದಿರುಗಿಸಿರಲೇ ಇಲ್ಲ. ಬರಿಗೈಯನ್ನು ಹೊರತೆಗೆದು ನಿಂತೆ. ಆಗ ಫಕ್ಕೀರಪ್ಪನ ಕೈ ಮೆಲ್ಲನೆ ಮೇಲೆದ್ದು ಕಿವಿಯ ತನಕ ಬಂದು ನಿಂತಿತು.

ಅವನು ಕೈ ಎತ್ತಿದ್ದನೋ, ಕಿವಿ ತುರಿಸಿಕೊಳ್ಳುತ್ತಿದ್ದನೋ, ನನಗೆ ಇಂದಿಗೂ ತಿಳಿಯದು. ಎತ್ತಿದನೆಂದೇ ಹಿಡಿದು, ಹಲಗೆಯನ್ನು ಒರೆಸಿ, ಭಾಗಾಕಾರವನ್ನು ಮೊದಲಿನಿಂದ ಬರೆಯತೊಡಗಿದೆ.