ಕಾನ್ ರೋರ್ಟಿಯ ಚರಣ

ಕಾರಿನ ಬಾಗಿಲು ಮೂರನೆಯ ಸಲ ಬಡಿದರೂ ಕೂರಲಿಲ್ಲ. ನೆರೆಮನೆಯ ಫೇಲಿಮ್ ಸುತ್ತಿ ಬಂದು, ಹಿಡಿಕೆಗೆ ಒಂದು ತುಂಡು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಿಟಕಿಯಿಂದ ಹನ್ನಾಳ ಕೈಗೆ ಕೊಟ್ಟ.

“ಬಿಗಿಯಾಗಿ ಹಿಡ್ಕೊ. ತಿರುವಲ್ಲಿ ಬಿಟ್ಟೆ ಅಂದ್ರೆ ಇವತ್ತು ಎರಡು ಹೆಣ ಆಗುತ್ತೆ.”

“ಕುರಿ ಸಾಗಿಸೋ ಕಾರಲ್ಲಿ ಕೂತಾಗಲೇ ಅರ್ಧ ಸತ್ತಿದೀನಿ. ನಡಿ ನಡಿ.”

ಹನ್ನಾ ಬ್ರೆಸ್ಲಿನ್‌ಗೆ ಎಪ್ಪತ್ತು ವರ್ಷ. ಗಂಡ ಹೋಗಿ ಒಂಬತ್ತು ವರ್ಷವಾಗಿತ್ತು. ಕಪ್ಪು ಕೋಟನ್ನು ಅವನ ಮಣ್ಣಿಗೆಂದು ಹೊಲಿಸಿದ್ದು. ಆಮೇಲೆ ಊರಿನ ಎಲ್ಲ ಸಾವಿಗೂ ಅದೇ ಆಗಿತ್ತು. ಅಂಚೆಯ ಮಾನಸ್ ಗಿಲ್ಡಿಯ ಸಾವಿಗೂ ಅದನ್ನು ಹಾಕಿಕೊಳ್ಳಬೇಕೋ ಬೇಡವೋ ಎಂದು ಬೆಳಗಿನಿಂದ ಎರಡು ಸಲ ತೊಟ್ಟು ಎರಡು ಸಲ ಬಿಚ್ಚಿಟ್ಟಿದ್ದಳು. ಫೇಲಿಮ್ ಬಂದು ಹಾರ್ನ್ ಹೊಡೆದಾಗ ಅದು ಮೈಮೇಲಿತ್ತು, ಅಷ್ಟೇ.

“ಮೂವತ್ತೆರಡು ವರ್ಷ ಅವನ ಜೊತೆ ಮಾತಾಡಿಲ್ಲ ನೀನು,” ಎಂದ ಫೇಲಿಮ್, ಕಡಲ ಬದಿಯ ದಾರಿಗೆ ಇಳಿಯುತ್ತ. “ಈಗ ಹೋಗಿ ಏನಂತೀಯಾ?”

“ಏನೂ ಅನ್ನಲ್ಲ. ಅವನೂ ಏನೂ ಅನ್ನಲ್ಲ. ಸರಿಹೋಯ್ತಲ್ಲ.”

ಫೇಲಿಮ್ ನಕ್ಕ. ಹನ್ನಾ ನಗಲಿಲ್ಲ. “ಮನೆ ತನಕ ಸಾಕು. ಒಂದು ಪ್ರಾರ್ಥನೆ ಹೇಳಿ ಬಂದ್ಬಿಡ್ತೀನಿ. ಗೋರಿ ತನಕ ಬರಲ್ಲ. ಕಾಯ್ತಿರು,” ಎಂದಳು.

*

ಮೂವತ್ತೆರಡು ವರ್ಷದ ಹಿಂದೆ, ಹುಲ್ಲು ಕೊಯ್ಯುವ ಹೊತ್ತಿಗೆ ಮಾನಸ್ ಸೈಕಲ್ಲು ಬಿಟ್ಟು ವ್ಯಾನಿನಲ್ಲಿ ಬಂದಿದ್ದ. ವ್ಯಾನು ಡಬ್ಲಿನ್ ರೇಡಿಯೋದವರದು. ಒಳಗೆ ಡೆಸ್ಮಂಡ್ ಟ್ರೇನರ್ ಎಂಬ ತೆಳ್ಳನೆಯ ನಡುವಯಸ್ಸಿನವ, ಅವನ ಬೆನ್ನ ಹಿಂದೆ ಕುರ್ಚಿಯಷ್ಟು ದೊಡ್ಡ ಟೇಪಿನ ಯಂತ್ರ. ಹಳೆಯ ಹಾಡುಗಳನ್ನು ಹಿಡಿದಿಡಲು ಊರೂರು ತಿರುಗುತ್ತಿದ್ದ ಅವನಿಗೆ, ಯಾವ ಮನೆಯಲ್ಲಿ ಯಾವ ಹಾಡಿದೆ ಎಂದು ಹೇಳುವವರು ಬೇಕಿತ್ತು. ಅದನ್ನು ಮಾನಸ್‌ನಷ್ಟು ಬಲ್ಲವರು ಆ ಕರಾವಳಿಯಲ್ಲಿ ಇರಲಿಲ್ಲ. ಕಾಗದ ಕೊಡಲು ಹೋದ ಮನೆಯಲ್ಲೆಲ್ಲ ಕೂತು, ಓದು ಬಾರದವರಿಗೆ ಓದಿ ಹೇಳಿ, ಸ್ಕಾಟ್ಲೆಂಡಿನಲ್ಲಿರುವ ಮಗನಿಗೆ ಉತ್ತರ ಬರೆದುಕೊಟ್ಟು, ಕೂಲಿಯಾಗಿ ಒಂದು ಹಾಡು ಕೇಳಿ ಏಳುವುದು ಅವನ ಅಭ್ಯಾಸ. ತಾನು ಮಾತ್ರ ಹಾಡುತ್ತಿರಲಿಲ್ಲ. ಅವನು ಬಾಯಿಬಿಟ್ಟರೆ ನಾಯಿಗಳು ಎದ್ದು ಹೊರಗೆ ಹೋಗುತ್ತಿದ್ದವು.

ಹನ್ನಾಳ ಅಡುಗೆಮನೆಯಲ್ಲಿ ಗಡಿಯಾರ ನಿಲ್ಲಿಸಿದರು. ಕೋಳಿಗಳನ್ನು ಓಡಿಸಿದರು. ಕಿಟಕಿಯಿಂದ ತಂತಿ ಒಳಗೆ ಬಂತು. ನಾಲ್ಕು ಹಾಡು ಆದ ಮೇಲೆ ಮಾನಸ್ ಮೆಲ್ಲಗೆ, “ನಿಮ್ಮಮ್ಮಂದು ಒಂದಿದೆಯಲ್ಲ,” ಎಂದ.

ಅದು ಐದು ಜನರ ದೋಣಿಯ ಹಾಡು. ಹನ್ನಾಗೆ ಆರು ವರ್ಷವಿದ್ದಾಗ, ಹೆರ್ರಿಂಗ್ ಮೀನಿಗೆ ಹೋದ ದೋಣಿಯೊಂದು ಕೊಲ್ಲಿಯ ಬಾಯಲ್ಲೇ ಮಗುಚಿ ಅವಳ ಸೋದರಮಾವನೂ ಸೇರಿ ಐವರೂ ಸತ್ತಿದ್ದರು. ಅಮ್ಮ ಆ ಚಳಿಗಾಲವೆಲ್ಲ ನೂಲು ತೆಗೆಯುತ್ತ ಅದನ್ನು ಕಟ್ಟಿದಳು. ಒಬ್ಬೊಬ್ಬನಿಗೂ ಒಂದೊಂದು ಚರಣ. ಕೊನೆಯದು ಚುಕ್ಕಾಣಿ ಹಿಡಿದಿದ್ದ ಕಾನ್ ರೋರ್ಟಿಯದು. ಅವನು ಕುಡಿದಿದ್ದ ಎಂದು ಅದರಲ್ಲಿತ್ತು. ಊರಿನಲ್ಲಿ ಎಲ್ಲರಿಗೂ ಆ ಹಾಡು ಗೊತ್ತು. ಆದರೆ ಕಾನ್‌ನ ಹೆಂಡತಿ ಕೇಟ್, ಮಗಳು ಸೀಲಿಯಾ ಇರುವ ಕಡೆ ಯಾರೂ ಅದನ್ನು ಎತ್ತುತ್ತಿರಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಮರೆತು ಶುರುಮಾಡಿದರೆ, ಪಕ್ಕದಲ್ಲಿದ್ದವರು ಮೊಣಕಾಲು ಒತ್ತುತ್ತಿದ್ದರು. ಯಾರೂ ಹೇಳಿಕೊಟ್ಟ ಕಟ್ಟಳೆಯಲ್ಲ, ಆದರೂ ತಪ್ಪಿರಲಿಲ್ಲ.

ಟ್ರೇನರ್ ಹೊರಗೆ ವ್ಯಾನಿನಲ್ಲಿ ಟೇಪು ಬದಲಿಸುತ್ತಿದ್ದ. ಹನ್ನಾ ಮಾನಸ್‌ನ ತೋಳು ಹಿಡಿದಳು. “ಹಾಡ್ತೀನಿ. ಆದ್ರೆ ಅದು ರೇಡಿಯೋದಲ್ಲಿ ಬರಬಾರದು. ಪೆಟ್ಟಿಗೇಲಿಟ್ಟು ಬೀಗ ಹಾಕ್ಕೊಳ್ಳಲಿ. ಕೇಟ್ ಇದಾಳೆ ಕಣೋ. ಹೋಗಿ ಹೇಳಿ ಬಾ ಅವರಿಗೆ.”

ಮಾನಸ್ ಹೋದ. ವ್ಯಾನಿನ ಬಳಿ ಸ್ವಲ್ಪ ಹೊತ್ತು ನಿಂತಿದ್ದ. ಬಂದು ಹೂಂ ಎಂಬಂತೆ ತಲೆಯಾಡಿಸಿದ.

ಹನ್ನಾ ಕಣ್ಣು ಮುಚ್ಚಿ ಐದೂ ಚರಣ ಹಾಡಿದಳು.

*

ಗಿಲ್ಡಿಯವರ ಮನೆಯಲ್ಲಿ ಜನ ಬಾಗಿಲಿನ ತನಕ ತುಂಬಿದ್ದರು. ಹನ್ನಾ ಬರುತ್ತಿದ್ದಂತೆ ಮಾತು ಒಂದು ಕ್ಷಣ ತಗ್ಗಿ ಮತ್ತೆ ಏರಿತು. ಮಾನಸ್‌ನ ತಂಗಿ ಬೆಲ್ಲಾ ಟೀ ಕೆಟಲ್ಲನ್ನು ಯಾರ ಕೈಗೋ ತುರುಕಿ ಎದ್ದು ಬಂದಳು. ಅಣ್ಣ ಮದುವೆಯಾಗಲಿಲ್ಲ, ತಂಗಿಯೂ ಆಗಲಿಲ್ಲ. ಅರವತ್ತು ವರ್ಷ ಒಂದೇ ಒಲೆಯ ಎರಡು ಬದಿಗೆ ಕೂತವರು.

“ಬಂದ್ಯಾ,” ಎಂದಳು. “ಬಾ. ನೋಡು. ಹೊಸ ಶರ್ಟು ಹಾಕಿದೀವಿ, ಬದುಕಿದ್ದಾಗ ಹಾಕ್ಕೋ ಅಂದ್ರೆ ಹಾಕ್ಕೊಳ್ತಿರ್ಲಿಲ್ಲ.”

ಒಳಕೋಣೆಯಲ್ಲಿ ಮಾನಸ್ ಪೆಟ್ಟಿಗೆಯಲ್ಲಿ ಮಲಗಿದ್ದ. ಕೈಗೆ ಜಪಸರ ಸುತ್ತಿದ್ದರು. ಹನ್ನಾ ಮೊದಲು ನೋಡಿದ್ದು ಆ ಕೈಗಳನ್ನು. ಬಲಗೈಯ ಹೆಬ್ಬೆರಳಿನ ಬದಿ ಕಾಗದದ ಅಂಚು ಉಜ್ಜಿ ಉಜ್ಜಿ ನುಣುಪಾಗಿತ್ತು. ಮುಖ ಇಷ್ಟು ಸಣ್ಣಗಾಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ದೂರದಿಂದ ಸೈಕಲ್ಲಿನ ಮೇಲೆ ಬಾಗಿದ ಬೆನ್ನನ್ನಷ್ಟೇ ನೋಡುತ್ತ ಬಂದಿದ್ದಳು. ಬಾಯಲ್ಲಿ ಪ್ರಾರ್ಥನೆ ಹೇಳಿ ಮುಗಿಸಿದಳು. ಹಣೆ ಮುಟ್ಟಿದಳು. ತಣ್ಣಗಿತ್ತು.

ಹೊರಬಂದಾಗ ಬೆಲ್ಲಾ ಅವಳನ್ನು ಒಲೆಯ ಬಳಿ ಕೂರಿಸಿ, ಹಂದಿಮಾಂಸವಿಟ್ಟ ಬ್ರೆಡ್ಡಿನ ತಟ್ಟೆ ಮಡಿಲಿಗಿಟ್ಟಳು. ಎದುರಿಗೆ ಒಬ್ಬ ಮುದುಕ. ಕಿವಿಯಲ್ಲಿ ಶ್ರವಣಯಂತ್ರ.

“ಇವರು ಟ್ರೇನರ್,” ಎಂದಳು ಬೆಲ್ಲಾ. “ಗಟ್ಟಿಯಾಗಿ ಮಾತಾಡು. ದೇಶದ ಹಾಡನ್ನೆಲ್ಲ ಕೇಳಿ ಕೇಳಿ ಕಿವಿ ಸವೆದುಹೋಗಿದೆ.”

ಮುದುಕ ನಕ್ಕು ಎದ್ದು ನಿಂತ. “ಮಿಸೆಸ್ ಬ್ರೆಸ್ಲಿನ್. ನಿಮ್ಮ ಅಡುಗೆಮನೆ ನಂಗೆ ಇನ್ನೂ ನೆನಪಿದೆ. ನಿಮ್ಮ ಹುಂಜ ಎರಡನೇ ಹಾಡಿನಲ್ಲೂ ಇದೆ, ನಾಲ್ಕನೇದ್ರಲ್ಲೂ ಇದೆ.”

ಹನ್ನಾ ತಟ್ಟೆಯ ಬ್ರೆಡ್ಡನ್ನು ಎರಡಾಗಿ ಮುರಿದಳು.

“ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು,” ಎಂದ ಟ್ರೇನರ್, ಕೂತು. “ಮಾನಸ್ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ನಂಗೊಂದು ಕಾಗದ ಬರೀತಿದ್ದ. ಎಲ್ಲ ವರ್ಷವೂ ಅದೇ ಮಾತು. ದೋಣಿಯ ಹಾಡನ್ನ ಮತ್ತೆ ಹಾಕಬೇಡಿ, ತಪ್ಪು ನಂದು, ಹಾಡಿದವಳದ್ದಲ್ಲ. ಮೊದಲ ಕಾಗದ ಬಂದಾಗಲೇ ಟೇಪಿನ ಮೇಲೆ ‘ಪ್ರಸಾರಕ್ಕಲ್ಲ’ ಅಂತ ಕೆಂಪು ಶಾಯೀಲಿ ಬರೆದಿಟ್ಟೆ, ಅವನಿಗೆ ತಿಳಿಸ್ದೆ. ಆದ್ರೂ ಬರೀತಿದ್ದ. ನಾನು ನಿವೃತ್ತನಾದ ಮೇಲೆ ನನ್ನ ಕುರ್ಚಿಗೆ ಬಂದ ಹುಡುಗಿಗೂ ಬರೀತಿದ್ದ.”

“ಅಂಚೆಯವನು ತಾನೇ,” ಎಂದ ಬಾಗಿಲಲ್ಲಿ ನಿಂತ ಫೇಲಿಮ್. “ಒಂದು ಸಲ ಹಾಕಿದ ಕಾಗದ ತಲುಪುತ್ತೆ ಅಂತ ಅವನಿಗೇ ನಂಬಿಕೆ ಇರ್ಲಿಲ್ಲ.”

ಒಲೆಯ ಸುತ್ತ ಇದ್ದವರು ನಕ್ಕರು. ಹನ್ನಾ ತಟ್ಟೆಯನ್ನು ಕೆಳಗಿಟ್ಟಳು.

“ಒಂದು ಹಾಡು ಇರಬೇಕಿತ್ತು ಇವತ್ತು,” ಎಂದರು ಯಾರೋ. ಟ್ರೇನರ್, ಬೇಕಾದರೆ ಕಾರಿನಲ್ಲಿ ಕ್ಯಾಸೆಟ್ಟಿದೆ ಎಂದ. ಬೆಲ್ಲಾ ತಲೆಯಲ್ಲಾಡಿಸಿದಳು. “ಬೇಡ. ಇದ್ದ ಹಾಡೆಲ್ಲ ಡಬ್ಬಿಗೆ ಹೋಯ್ತು ಅಂತ ಅವನೇ ಕೊರಗ್ತಿದ್ದ.” ಆಮೇಲೆ ಹನ್ನಾಳ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, “ನಿನ್ನ ಹಾಡೋಕೆ ಕೇಳು ಅಂತ ಅವನು ಹೇಳಿಲ್ಲ. ಕೇಳಬೇಡ ಅಂತ ಹೇಳಿದ್ದ. ಅದಕ್ಕೇ ನಾನು ಕೇಳ್ತಿಲ್ಲ,” ಎಂದಳು.

ಹೊರಗೆ ಹೆಗಲು ಕೊಡುವವರು ಬಂದು ನಿಂತಿದ್ದರು. ಪೆಟ್ಟಿಗೆಯ ಮುಚ್ಚಳ ಹಾಕುವಾಗ ಬೆಲ್ಲಾ ಹನ್ನಾಳ ತೋಳು ಹಿಡಿದುಕೊಂಡಳು. ಆಮೇಲೆ ಬಿಡಲಿಲ್ಲ. ಹೀಗೆ ಹನ್ನಾ ಅಂಗಳ ದಾಟಿದಳು, ದಾರಿಗೆ ಇಳಿದಳು, ಪೆಟ್ಟಿಗೆಯ ಹಿಂದೆ ಇಗರ್ಜಿಯ ತನಕ ನಡೆದಳು.

*

ಹಾಡು ರೇಡಿಯೋದಲ್ಲಿ ಬಂದದ್ದು ನವೆಂಬರಿನ ಒಂದು ಭಾನುವಾರ, ಊಟವಾದ ಮೇಲೆ. ಹನ್ನಾಳ ಮನೆಯಲ್ಲಿ ರೇಡಿಯೋ ಇರಲಿಲ್ಲ. ಮರುದಿನ ಅಂಗಡಿಯಲ್ಲಿ ಯಾರೋ ಹೊಗಳಿದಾಗಲೇ ತಿಳಿದದ್ದು. ಕೇಟ್ ರೋರ್ಟಿಯ ಮನೆಯಲ್ಲಿ ರೇಡಿಯೋ ಇತ್ತು. ಮಗಳು ಸೀಲಿಯಾ ಮೀನಿನ ಕಾರ್ಖಾನೆಯಲ್ಲಿ ದುಡಿದು ತಂದದ್ದು.

ಮುಂದಿನ ಭಾನುವಾರ ಪೂಜೆ ಮುಗಿಸಿ ಬರುವಾಗ ಇಗರ್ಜಿಯ ಗೋಡೆಯ ಬಳಿ ಕೇಟ್ ಎದುರಾದಳು. ದನಿ ಏರಿಸಲಿಲ್ಲ.

“ಇಷ್ಟು ವರ್ಷ ಹೊರಗಿತ್ತು,” ಎಂದಳು. “ನನ್ನ ಮನೆಯೊಳಗೇ ಬಂದು ಹಾಡಿಬಿಟ್ಟೆಯಲ್ಲ, ಹನ್ನಾ.”

ಅಂದು ಮಧ್ಯಾಹ್ನವೇ ಹನ್ನಾ ಮಾನಸ್‌ನನ್ನು ಹುಡುಕಿಕೊಂಡು ಹೋದಳು. ಅವನು ಸೈಕಲ್ಲಿನ ಸರಪಳಿಗೆ ಎಣ್ಣೆ ಹಾಕುತ್ತಿದ್ದ.

“ಅವತ್ತು ವ್ಯಾನಿನ ಹತ್ರ ಹೋದ್ಯಲ್ಲ. ಹೇಳಿದ್ಯಾ ಅವರಿಗೆ?”

ಮಾನಸ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಇಲ್ಲ.”

“ಮತ್ತೆ ಏನು ಮಾತಾಡ್ದೆ?”

“ಹುಲ್ಲಿನ ಬಗ್ಗೆ.” ಎಣ್ಣೆಯ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತಲೇ ಇದ್ದ. “ಹೇಳಿದ್ರೆ, ಹಾಗಾದ್ರೆ ಬೇಡ ಅಂತ ಯಂತ್ರ ಎತ್ತಿಟ್ಟುಬಿಡ್ತಾರೆ ಅಂತ ಹೆದರಿದೆ. ನಿಂಗೆ ಮಕ್ಕಳಿಲ್ಲ. ನಿನ್ನ ಜೊತೆಗೇ ಹೋಗಿಬಿಡುತ್ತಲ್ಲ ಅಂತ…”

ಆ ಮಾತು ಪೂರ್ತಿಯಾಗಲು ಹನ್ನಾ ಬಿಡಲಿಲ್ಲ. ಮರುದಿನ ಗಂಡನಿಂದ ಗೇಟಿನ ಕಂಬಕ್ಕೆ ಒಂದು ಮರದ ಪೆಟ್ಟಿಗೆ ಹೊಡೆಸಿದಳು. ಕಾಗದಗಳು ಅಲ್ಲೇ ಬೀಳತೊಡಗಿದವು. ಹಾಡು ಅವಳ ಬಾಯಿಂದ ಹೋಯಿತು. ಬೇಕೆಂದು ಬಿಟ್ಟದ್ದಲ್ಲ. ಹಾಲು ಕರೆಯುವಾಗ ಒಂದೆರಡು ಸಲ ಶುರುಮಾಡಿದ್ದಳು, ಗೋಡೆಯ ಬಳಿ ನಿಂತ ಕೇಟ್‌ಳ ಮುಖ ಎದುರಾಗಿ ನಿಂತುಹೋಗಿತ್ತು.

*

ಗೋರಿಯ ಬಳಿ ಗಾಳಿ ಹೆಚ್ಚಿರಲಿಲ್ಲ. ಕೆಳಗೆ ಕೊಲ್ಲಿ ನಿಶ್ಚಲವಾಗಿತ್ತು. ಫಾದರ್ ಮಣ್ಣು ಹಾಕಿ, ಕೊನೆಯ ಪ್ರಾರ್ಥನೆ ಹೇಳಿ, ಬೆಲ್ಲಾಳ ಕೈ ಒತ್ತಿ ಹಿಂದೆ ಸರಿದರು. ಫೇಲಿಮ್ ಮತ್ತು ಇನ್ನಿಬ್ಬರು ಕೋಟು ಬಿಚ್ಚಿ ಸಲಿಕೆ ಹಿಡಿದರು.

ಹನ್ನಾಳ ಮಗ್ಗುಲಲ್ಲಿ ಯಾರೋ ಬಂದು ನಿಂತರು. ನೋಡಿದರೆ ಸೀಲಿಯಾ ರೋರ್ಟಿ. ಅರವತ್ತನಾಲ್ಕು ವರ್ಷದ, ಗಂಡಸಿನಂತೆ ಅಗಲ ಭುಜದ ಹೆಂಗಸು. ಕೇಟ್ ಸತ್ತ ಮೇಲೆ ಆ ಮನೆಯಲ್ಲಿ ಒಬ್ಬಳೇ ಇದ್ದಳು. ದಾರಿಯಲ್ಲಿ ಸಿಕ್ಕರೆ ಇಬ್ಬರೂ ತಲೆಯಾಡಿಸುತ್ತಿದ್ದರು. ಅದಕ್ಕಿಂತ ಹೆಚ್ಚಿನ ಮಾತಿರಲಿಲ್ಲ.

“ಆ ಡಬ್ಲಿನ್ ಮುದುಕ ಹೇಳಿದ್ದು ನಿಜಾನಾ?” ಎಂದಳು ಸೀಲಿಯಾ. “ಹಾಡು ಹಾಕಬೇಡಿ ಅಂತ ಮಾನಸ್ ಕಾಗದ ಬರೀತಿದ್ನಂತೆ?”

“ಬರೀತಿದ್ನಂತೆ. ನಂಗೂ ಇವತ್ತೇ ಗೊತ್ತಾಗಿದ್ದು.”

ಸೀಲಿಯಾ ಸಲಿಕೆಗಳ ಕಡೆ ಮುಖ ತಿರುಗಿಸಿದಳು. “ಅಯ್ಯೋ ದೇವರೇ,” ಎಂದಳು. “ಅಮ್ಮ ಸಾಯೋ ತನಕ ಪ್ರತಿ ಭಾನುವಾರ ಊಟ ಆದ್ಮೇಲೆ ರೇಡಿಯೋ ಮುಂದೆ ಕೂತಿರ್ತಿದ್ಲು. ಮತ್ತೆ ಬರುತ್ತೇನೋ ಅಂತ.”

ಹನ್ನಾಗೆ ಅರ್ಥವಾಗಲಿಲ್ಲ. “ನನ್ನ ಬೈದಿದ್ಳಲ್ಲೇ.”

“ಬೈದಳು. ಆ ಚಳಿಗಾಲವೆಲ್ಲ ಬೈದಳು. ಆಮೇಲೆ ಕಾಯೋಕೆ ಶುರುಮಾಡಿದ್ಲು. ಈ ಊರವರು ನಮ್ಮ ಎದುರಿಗೆ ಅಪ್ಪನ ಹೆಸರೇ ಎತ್ತುತ್ತಿರ್ಲಿಲ್ಲ ಹನ್ನಾ, ಮರ್ಯಾದೆಗೆ ಅಂತ. ಅವನು ಇದ್ದ ಅನ್ನೋದೇ ಇಲ್ಲದ ಹಾಗೆ. ಮಿಕ್ಕ ನಾಲ್ವರೂ ಇಲ್ಲೇ ಮಲಗಿದಾರೆ, ನೋಡು, ಆ ಗೋಡೆ ಪಕ್ಕ. ಅಪ್ಪ ಸಿಗಲೇ ಇಲ್ಲ, ಅವನಿಗೆ ಒಂದು ಕಲ್ಲೂ ಇಲ್ಲ. ಹೆಸರು ಇರೋದು ನಿಮ್ಮಮ್ಮನ ಹಾಡಲ್ಲಿ ಒಂದೇ.”

“ಕುಡಿದಿದ್ದ ಅಂತ ಇದೆಯಲ್ಲೇ ಅದ್ರಲ್ಲಿ.”

“ಕುಡಿದಿದ್ದ. ಕುಡಿಯೋನೇ ಅಂತೆ. ಆ ಚರಣಕ್ಕೆ ನಾಲ್ಕು ಸಾಲು. ಊರು ಎರಡನ್ನೇ ನೆನಪಿಟ್ಕೊಂಡಿದೆ.”

ಮಣ್ಣು ಬೀಳುತ್ತಿತ್ತು. ಈಗ ಮರದ ಸದ್ದು ನಿಂತು ಮಣ್ಣಿನ ಮೇಲೆ ಮಣ್ಣು ಬೀಳುವ ಸದ್ದು. ಹನ್ನಾ ಅದನ್ನು ಕೇಳುತ್ತ ನಿಂತಳು. ಬೈದವಳು ಕಾಯುತ್ತಿದ್ದಳು. ತಪ್ಪು ಮಾಡಿದವನು ಅದನ್ನು ತಿದ್ದುತ್ತೇನೆಂದು ವರ್ಷ ವರ್ಷವೂ ಕೂತು ಕಾಗದ ಬರೆಯುತ್ತಿದ್ದ. ತಾನು ಬಾಯಿ ಮುಚ್ಚಿಕೊಂಡಿದ್ದಳು. ಮೂರು ಮನೆ, ಒಂದು ಮೈಲಿಯೊಳಗೆ.

“ನನ್ನ ದನಿ ಹೋಗಿದೆ ಸೀಲಿಯಾ.”

“ನಂಗೆ ರೇಡಿಯೋ ಬೇಡ,” ಎಂದಳು ಸೀಲಿಯಾ.

ಹನ್ನಾ ಮೊದಲ ಸಾಲು ಎತ್ತಿದಾಗ ಅದು ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಾಲಿಗೆ ಬೆಲ್ಲಾ ತಿರುಗಿದಳು. ಮೂರನೆಯದಕ್ಕೆ ಫೇಲಿಮ್ ಸಲಿಕೆ ಊರಿ ನಿಂತ. ದನಿ ಒಡೆದಿತ್ತು, ಮೇಲಿನ ಸ್ವರಕ್ಕೆ ಏರದೆ ಪಕ್ಕದಿಂದ ಹಾಯ್ದು ಹೋಗುತ್ತಿತ್ತು. ಆದರೆ ಮಾತುಗಳು ಒಂದರ ಹಿಂದೆ ಒಂದು ತಾವಾಗಿ ಬಂದವು. ಸೋದರಮಾವನ ಚರಣ ಆಯಿತು. ಗೋಡೆಯ ಪಕ್ಕದ ಉಳಿದ ಮೂವರದೂ ಆಯಿತು. ಟ್ರೇನರ್ ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿ ಹಿಡಿದು ಬಾಗಿ ನಿಂತಿದ್ದ. ನಾಲ್ಕನೆಯ ಚರಣದ ಕೊನೆಯಲ್ಲಿ ಹನ್ನಾ ನಿಲ್ಲಿಸಿದಳು. ಊರವರು ಕಾಲಬುಡ ನೋಡಿಕೊಂಡರು. ಯಾರೋ ಒಬ್ಬರು ಅಭ್ಯಾಸಬಲದಿಂದ ಕೆಮ್ಮಿದರು.

ಸೀಲಿಯಾ ಹನ್ನಾಳ ಬಲಗೈಯನ್ನು ತನ್ನ ಒರಟು ಕೈಯೊಳಗೆ ತೆಗೆದುಕೊಂಡಳು. ಹಿಂದಿನವರು ಹಾಡುವವರ ಕೈ ಹಿಡಿದು ಮಾಡುತ್ತಿದ್ದ ಹಾಗೆ, ಅದನ್ನು ಮೆಲ್ಲಗೆ ಸುತ್ತ ತಿರುಗಿಸತೊಡಗಿದಳು, ಬಾವಿಯಿಂದ ನೀರು ಸೇದುವಾಗ ಹಗ್ಗ ಸುತ್ತುವಂತೆ.

“ಚುಕ್ಕಾಣಿ ಹಿಡಿದವನು ಕಾನ್ ರೋರ್ಟಿ,” ಎಂದು ಹನ್ನಾ ಎತ್ತಿದಳು,

“ತುಟಿಯಲಿ ನಗೆಯಿತ್ತು, ತಲೆಯಲಿ ಮದ್ಯ;
ನಾಲ್ವರನು ಮರಳಿಸಿತು ಕಡಲು ಮನೆಗೆ…”

ಕೊನೆಯ ಸಾಲಿನ ಮೊದಲ ಮಾತು ಅವಳಿಗೆ ತಕ್ಷಣ ಬರಲಿಲ್ಲ. ಸೀಲಿಯಾಳ ತುಟಿ ಆಗಲೇ ಅದನ್ನು ಆಡುತ್ತಿತ್ತು. ಅವಳ ಮುಖವನ್ನೇ ನೋಡುತ್ತ, ಅಲ್ಲಿಂದಲೇ ಒಂದೊಂದು ಮಾತನ್ನೂ ತೆಗೆದುಕೊಂಡು, ಹನ್ನಾ ಹಾಡಿದಳು:

“ಅವನೊಬ್ಬನ ತನ್ನ ಎದೆಯಲೇ ಇರಿಸಿಕೊಂಡಿತು.”

ಹಾಡು ಮುಗಿದಿತ್ತು. ಆ ಎರಡು ಕೈಗಳು ಇನ್ನೂ ಸುತ್ತುತ್ತಲೇ ಇದ್ದವು.