ಅಪ್ಪಿಯ ಪಂಪು

"ಏ ರಂಡಿ, ಇಷ್ಟ ಸಣ್ಣ ಕೂಸಿಗೆ ಬಾಟ್ಲಿ ಚಟಾ ಹಚ್ಚಾಕತ್ತೀಯೇನ?"

ಆಳುಗಳನ್ನು ದುಡಿಸುವ ಮುಕಾದಮ ಧರ್ಮಣ್ಣ ಬೈದರೂ ನಾಗವ್ವ ಏಳಲಿಲ್ಲ. ನಾಲ್ಕು ವರ್ಷದ ಮಗಳು ಅಪ್ಪಿ ನೀರಿನ ಬಾಟಲಿಯ ಬಾಯನ್ನು ತುಟಿಗಳಲ್ಲಿ ಬಿಗಿಹಿಡಿದು ಕೂತಿದ್ದಳು. ಬಾಟಲಿಯ ತಳಕ್ಕೆ ಕೊರೆದ ತೂತಿನಲ್ಲಿ ನಾಗವ್ವ ಉಬ್ಬಸದ ಔಷಧದ ಪಂಪು ಸಿಕ್ಕಿಸುತ್ತಿದ್ದಳು.

ಮರಾಠಿ ಸೀಮೆಯ ಕೊಥ್ರೂಡಿನ ಆ ಹೊಸ ಕಟ್ಟಡಕ್ಕೆ ಅವಳು ಸಿಮೆಂಟು ಹೊರುತ್ತಿದ್ದಳು. ಮಳೆಗಾಲದಲ್ಲಿ ಅಪ್ಪಿ ಉಸಿರು ಕಟ್ಟಿ ಮೂರು ಸಲ ಸರಕಾರಿ ದವಾಖಾನೆ ಸೇರಿದ್ದಳು. ಔಷಧ ಎದೆಗೆ ಸರಿಯಾಗಿ ಇಳಿಯಲೆಂದು ಅಲ್ಲಿಯ ಡಾಕ್ಟರಬಾಯಿ ಬಾಟಲಿಯನ್ನು ತಾನೇ ಕೊರೆದುಕೊಟ್ಟು, ಮಗು ಆರಾಮಾಗಿದ್ದ ದಿನವೂ ಔಷಧ ತಪ್ಪಿಸಬಾರದು ಎಂದಿದ್ದಳು. ಎರಡು ತಿಂಗಳಿಂದ ಅಪ್ಪಿ ಇಟ್ಟಿಗೆಯ ರಾಶಿ ಹತ್ತಿ ಧರ್ಮಣ್ಣನ ನಡಿಗೆಯನ್ನು ಅಣಕಿಸುವಷ್ಟು ಗಟ್ಟಿಯಾಗಿದ್ದಳು.

ಆ ಪಂಪಿನ ಔಷಧ ಸ್ಟೀರಾಯ್ಡು, ಪೈಲವಾನರು ಚುಚ್ಚಿಸಿಕೊಳ್ಳುವುದು, ಹುಡುಗಿಗೆ ಮೀಸೆ ಬರುತ್ತದೆ ಎಂದು ಧರ್ಮಣ್ಣ ಆಳುಗಳ ಮುಂದೆ ಪ್ರವಚನ ಹೊಡೆದ. ಫ್ಲ್ಯಾಟ್ ನೋಡಲು ಗಿರಾಕಿಗಳು ಬಂದಿದ್ದರು. ಈ ದರಿದ್ರ ಅವರ ಕಣ್ಣಿಗೆ ಬೀಳಬಾರದೆಂದು ಬಾಟಲಿ ಕಿತ್ತು ಬೂಟಿನಡಿ ಹಾಕಿ ತುಳಿದ. ತಾಯಿ ಮಗಳು ನೆಲದ ಫರಸಿಕಲ್ಲು ಕೊಯ್ಯುವ ಶೆಡ್ಡಿಗೆ ಹೋಗಿ ಅಡಗಿಕೊಳ್ಳಬೇಕೆಂದ.

"ಅಲ್ಲಿ ಧೂಳ ಭಾಳ ಅದರಿ. ಕೂಸು ಸಾಯ್ತದ," ಎಂದಳು ನಾಗವ್ವ.

"ಸತ್ರ ಇನ್ನೊಂದ ಹಡಿ. ಅದಕ್ಕೇನ ಸಿಮೆಂಟ್ ಬೇಕೇನ?"

ಆಳುಗಳು ನಕ್ಕರು. ಅವಳ ಗಂಡ ಕಾಡಪ್ಪನೂ ನಕ್ಕ, ಆಮೇಲೆ ನೆಲ ನೋಡಿದ.

ನಾಗವ್ವ ಕೈಯಲ್ಲುಳಿದ ಪಂಪನ್ನು ಸೊಂಟಕ್ಕೆ ಸಿಕ್ಕಿಸಿ, ಮಗಳನ್ನು ಎತ್ತಿಕೊಂಡು ನೆಟ್ಟಗೆ ಮೊದಲ ಮಾಳಿಗೆ ಹತ್ತಿದಳು. ಗಿರಾಕಿಗಳಿಗೆ ತೋರಿಸಲು ಸಿಂಗರಿಸಿಟ್ಟ ಫ್ಲ್ಯಾಟ್ ಅಲ್ಲಿತ್ತು. ಇಡೀ ಸೈಟಿನಲ್ಲಿ ಧೂಳಿಲ್ಲದ ಜಾಗ ಅದೊಂದೇ. ಅಪ್ಪಿಯನ್ನು ಬಿಳಿ ಸೋಫಾದ ಮೇಲೆ ಕೂರಿಸಿದಳು. ಮೇಜಿನ ಮೇಲಿದ್ದ ಮಿನರಲ್ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಹಣ್ಣಿನ ಚಾಕುವಿನಿಂದ ಬಾಟಲಿಯ ತಳ ಕೊರೆದು, ಅದರ ಬಾಯನ್ನು ಮಗಳ ತುಟಿಗಿಟ್ಟು, ಪಂಪು ಸಿಕ್ಕಿಸಿ ಒತ್ತಿದಳು. ಹತ್ತು ಉಸಿರು ಎಣಿಸಿದಳು. ಫ್ಲ್ಯಾಟ್ ನೋಡುತ್ತ ಅಲ್ಲೇ ನಿಂತಿದ್ದ ಗಿರಾಕಿ ದಂಪತಿ ಕಣ್ಣು ಬಿಟ್ಟು ನೋಡುತ್ತಿದ್ದರು. ಇವರು ಯಾರು ಎಂದು ಹೆಂಗಸು ಮರಾಠಿಯಲ್ಲಿ ಕೇಳಿದಳು. ಈ ಮನೆ ಕಟ್ಟಿದವರು ಎಂದು ನಾಗವ್ವ ಮರಾಠಿಯಲ್ಲೇ ಹೇಳಿದಳು.

ಓಡಿಬಂದ ಧರ್ಮಣ್ಣನಿಗೆ ಅವರೆದುರು ಬಾಯಿ ಮಾಡಲಾಗಲಿಲ್ಲ. "ಏಳ ನಮ್ಮವ್ವಾ," ಎಂದು ಪಿಸುಗುಟ್ಟಿದ.

ನಾಗವ್ವ ಲೋಟವನ್ನು ಮಗಳ ಬಾಯಿಗೆ ಹಿಡಿದಳು. "ಮುಕ್ಕಳಸು, ನುಂಗಬ್ಯಾಡ. ಔಷಧ ಬಾಯಾಗ ಉಳದ್ರ ಹುಣ್ಣ ಆಕ್ಕಾವ."

ಗಲ್ಲ ಉಬ್ಬಿಸಿಕೊಂಡ ಅಪ್ಪಿ ಉಗುಳಲು ಜಾಗ ಹುಡುಕಿದಳು. ಕೆಳಗೆ ನೆಲಕ್ಕೆ ಹಾಸಿದ್ದು ಹೊಸ ಗಾಲೀಚೆ. ಧರ್ಮಣ್ಣ ಮೊಣಕಾಲೂರಿ ಎರಡೂ ಕೈ ಬೊಗಸೆ ಮಾಡಿ ಚಾಚಿದ.

ಅಪ್ಪಿ ಉಗುಳಿದಳು.

"ಹಂಗ ಹಿಡಕೊಂಡ ಇರ್ರಿ ಮುಕಾದಮರ," ಎಂದಳು ನಾಗವ್ವ. "ಇನ್ನೊಂದ ಸಲ ಮುಕ್ಕಳಸಬೇಕು."