ಪೆಪ್ಪರ್‌ಮೆಂಟು ಡಬ್ಬಿ

"ಇವಳದ್ದು ಬರೀ ಶೋಕೇಸು ಕಣ್ರೀ! ಅಂಗಡಿ ಬಾಗಿಲು ತೆಗೆದಿದೆ, ಒಳಗೆ ಸಾಮಾನಿಲ್ಲ."

ಅಮ್ಮ ಈ ಮಾತನ್ನು ಮನೆಯೊಳಗೆ ಆಡಿದ್ದರೆ ನುಂಗಿಕೊಳ್ಳಬಹುದಿತ್ತು. ಆಡಿದ್ದು ಮೆಟ್ಟಿಲ ಮೇಲೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಸರಿಯಾಗಿ. ಕಟ್ಟಡದ ಅಷ್ಟೂ ಹೆಂಗಸರು ಬಕೆಟ್ಟು ಹಿಡಿದು ಕೆಳಗಿನವರೆಗೆ ಸಾಲುಗಟ್ಟಿದ್ದರು. ನನ್ನ ಹೆಂಡತಿ ಕೂಸನ್ನು ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಸು ಎದೆಹಾಲು ಸಾಲದೆ ಕಿರ್ರೋ ಅನ್ನುತ್ತಿತ್ತು. ಯಾರೋ ಕಿಸಕ್ಕೆಂದು ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದುರಿಗಿದ್ದ ಬಕೆಟ್ಟಿಗೆ ಒದ್ದೆ. ಅದು ದಡಬಡ ಉರುಳಿ ಒಂದು ಮಹಡಿ ಇಳಿದು ಕೆಳಗಿನ ಮನೆಯ ಟೈಲರಮ್ಮನ ಕಾಲ ಬುಡದಲ್ಲಿ ನಿಂತಿತು.

"ನೋಡಿದ್ರಾ, ಹೆಂಡ್ತಿಗೆ ಅಂದ್ರೆ ಗಂಡನಿಗೆ ಕೊಂಬು ಮೂಡುತ್ತೆ," ಅಂದಳು ಅಮ್ಮ.

"ಬೈಬೇಡಿ ಅಕ್ಕಾ. ಬೆಳ್ಳುಳ್ಳಿ ಹುರಿದು ಕೊಡಿ, ಸರಿಹೋಗುತ್ತೆ," ಅಂದಳು ಟೈಲರಮ್ಮ.

"ಬೆಳ್ಳುಳ್ಳಿ ನಾತಕ್ಕೆ ಮಗು ಬಾಯೇ ಹಾಕಲ್ಲ. ಮೆಂತ್ಯ ನೆನೆಸಿ ಕುಡಿಸಿ."

"ಮೊದಲು ಆ ಕಾಫಿ ಬಿಡಿಸ್ರೀ."

"ನಮ್ಮ ನಾದಿನಿಗೆ ಗಂಜಿ ಕುಡಿಸಿದ್ದೇ ಕುಡಿಸಿದ್ದು, ಟ್ಯಾಂಕು ತುಂಬಿ ಹರೀತು ನೋಡಿ!" ಅಂದಳು ಮೇಲಿನ ಮನೆಯ ಕಂಡಕ್ಟರನ ಹೆಂಡತಿ.

ಮತ್ತೆ ನಗು. ನನ್ನ ಹೆಂಡತಿಯ ಎದೆ ಅಂದರೆ ಹೋಗುವವರು ಬರುವವರೆಲ್ಲ ತಿರುಗಿಸಿ ನೋಡುವ ಬೀದಿ ನಲ್ಲಿ ಆಗಿಬಿಟ್ಟಿತ್ತು. ಬೆಳ್ಳುಳ್ಳಿ ತಂದಿದ್ದೆ, ಮೆಂತ್ಯ ತಂದಿದ್ದೆ, ಅವಳು ಕಾಫಿಯನ್ನೂ ಬಿಟ್ಟಿದ್ದಳು. ಕೂಸಿನ ಕಾಲು ಮಾತ್ರ ನನ್ನ ಹೆಬ್ಬೆರಳಿಗಿಂತ ದಪ್ಪವಾಗಲೊಲ್ಲದು.

ಒಳಗೆ ಬಂದ ಮೇಲೆ ಅವಳು ಕೇಳಿದಳು: "ಬಕೆಟ್ ಏನು ಮಾಡಿತ್ತು ನಿಂಗೆ?"

"ಮತ್ತೇನು ಮಾಡ್ಬೇಕಿತ್ತು?"

"ಅತ್ತೆ ಎಲ್ಲರ ಮುಂದೆ ಅಂದ್ರು. ನೀನೂ ಎಲ್ಲರ ಮುಂದೆ ಒಂದು ಮಾತು ಹೇಳ್ಬೇಕಿತ್ತು." ಹೇಳುತ್ತಾ ಡಬ್ಬಿಗೆ ಕೈ ಹಾಕಿ ಒಂದು ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡಳು. "ನಾಳೆ ಕೂಸಿನ ತೂಕ ನೋಡೋ ದಿನ. ಏರಿಲ್ಲ ಅಂದ್ರೆ ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ. ಈ ಮೆಟ್ಟಿಲು ಹತ್ತಿ ಇಳಿಯೋಕೆ ನನ್ನ ಕೈಲಾಗಲ್ಲ."

ಡಬ್ಬಿಯ ವಿಷಯ ಹೇಳಬೇಕು. ನಮ್ಮ ಬೀದಿಯ ಕೊನೆಗೆ ಪೆಪ್ಪರ್‌ಮೆಂಟು ಕಾರ್ಖಾನೆ. ಸ್ಕೂಲು ನನಗೆ ಹತ್ತಲಿಲ್ಲ, ಹಾಗಾಗಿ ಮೀಸೆ ಮೂಡುವ ಮುಂಚೆಯೇ ಅಲ್ಲಿ ಪಾಕದ ಕಡಾಯಿ ಮುಂದೆ ನಿಂತವನು. ಕುದಿದ ಸಕ್ಕರೆಯನ್ನು ಕಲ್ಲಿನ ಮೇಲೆ ಸುರಿದು, ಪುದೀನ ಎಣ್ಣೆ ಹಾಕಿ ಮಡಚುತ್ತೇವೆ. ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ಕೊಕ್ಕೆಗೆ ಹಾಕಿ ಎಳೆಯುವುದು, ಕತ್ತರಿಸುವುದು. ಕಾಗದ ಸುತ್ತುವ ಮೇಜಿನ ಸುತ್ತ ಹೆಂಗಸರು. ನನ್ನ ಹೆಂಡತಿ ಅಲ್ಲಿದ್ದವಳೇ. ಅವಳಿಗಿಂತ ಮೊದಲು ಅಮ್ಮ, ಮೊಣಕಾಲು ಹಿಡಿದುಕೊಳ್ಳುವವರೆಗೆ. ಒಡೆದ ಚೂರು ಎಷ್ಟು ಬೇಕಾದರೂ ತಿನ್ನಬಹುದು, ಯಾರೂ ಕೇಳುವುದಿಲ್ಲ. ಕೆಲಸಗಾರರ ಮನೆಯಲ್ಲಿ ಮಗು ಹುಟ್ಟಿದರೆ ಮೇಸ್ತ್ರಿ ಅಂಥ ಚೂರುಗಳ ದೊಡ್ಡ ಡಬ್ಬಿಯನ್ನೇ ಎಲ್ಲರ ಎದುರು ಕೈಗಿಟ್ಟು ಚಪ್ಪಾಳೆ ಹೊಡೆಸುತ್ತಾನೆ. ಖಾಲಿಯಾದರೆ ಮತ್ತೆ ತುಂಬಿಸಿಕೊಡುತ್ತಾನೆ. ನಮ್ಮ ಬೀದಿಯಲ್ಲಿ ತಲೆನೋವಿಗೆ ಪೆಪ್ಪರ್‌ಮೆಂಟು, ಹೊಟ್ಟೆಯುಬ್ಬರಕ್ಕೆ ಪೆಪ್ಪರ್‌ಮೆಂಟು, ಜಗಳವಾದರೂ ಪೆಪ್ಪರ್‌ಮೆಂಟು. ಅಮ್ಮನಂತೂ ಅದರ ಚೂರಿನ ಜೊತೆ ಪುದೀನ ಸೊಪ್ಪು ಕುದಿಸಿ ಬಾಣಂತಿಗೆ ಲೋಟಗಟ್ಟಲೆ ಕುಡಿಸುತ್ತಿದ್ದಳು. "ಕುಡಿಯೇ, ಗಾಳಿ ಸೇರಬಾರದು," ಅನ್ನುವಾಗ ಅವಳ ದನಿಯಲ್ಲಿ ಸುಳ್ಳು ಪ್ರೀತಿಯೇನೂ ಇರಲಿಲ್ಲ.

ನನಗೆ ಸಿಟ್ಟು ಬರುತ್ತಿದ್ದುದು ಇನ್ನೊಂದಕ್ಕೆ. ಅಮ್ಮನಿಗೂ ಹಾಲಿರಲಿಲ್ಲ. ನಾನು ಬಾಟಲಿ ಹಾಲಿಗೆ ಬೆಳೆದವನು. ಅಮ್ಮನ ಅತ್ತೆ, ಅಂದರೆ ನನ್ನಜ್ಜಿ, ಸಾಯುವವರೆಗೂ ಬಂದವರೆದುರಿಗೆಲ್ಲ ಅಮ್ಮನನ್ನು ಗೊಡ್ಡೆಮ್ಮೆ ಅನ್ನುತ್ತಿದ್ದಳು. ಅದನ್ನು ಹೇಳಿಕೊಂಡು ಅಮ್ಮ ಈಗಲೂ ಅಳುತ್ತಾಳೆ. ಕಣ್ಣೊರೆಸಿಕೊಂಡು ಎದ್ದು ಹೋಗಿ ಸೊಸೆಗೆ ಅದನ್ನೇ ಅನ್ನುತ್ತಾಳೆ.

ಮರುದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿದರು. ಮುಳ್ಳು ಹೋದ ಸಲ ನಿಂತಲ್ಲೇ ನಿಂತಿತು. ಹೆಂಡತಿ ಗೋಡೆ ಕಡೆ ತಿರುಗಿದಳು. ನಾನು ಜಗಳಕ್ಕೆ ತಯಾರಾಗಿದ್ದೆ. ಹೆಂಡತಿಗೆ ಅನ್ನ ಹಾಕಲ್ವೇನಯ್ಯಾ ಅಂತ ಕೇಳಿದರೆ ಏನು ಅನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರು ಹೊಡೆದಿದ್ದೆ. ನರ್ಸಮ್ಮ ಅದನ್ನು ಕೇಳಲೇ ಇಲ್ಲ.

"ಬಾಯಲ್ಲಿ ಏನಮ್ಮಾ ಅದು?" ಅಂದರು.

ಅವಳು ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು. "ಪೆಪ್ಪರ್‌ಮೆಂಟು."

"ಯಾವಾಗಲೂ ತಿಂತೀಯಾ?"

"ಹೂಂ. ಮತ್ತೆ ಅತ್ತೆ ಪುದೀನ ಕಷಾಯ ಮಾಡ್ತಾರೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಅದನ್ನ ಕುಡಿದ್ರೆ ಹಸಿವೂ ಅಷ್ಟಾಗಿ ಆಗಲ್ಲ."

ನರ್ಸಮ್ಮ ಬರೆಯುವುದನ್ನು ನಿಲ್ಲಿಸಿದರು. "ಅಪರೂಪಕ್ಕೆ ಒಂದು ತಿಂದ್ರೆ ಏನಿಲ್ಲ. ದಿನವಿಡೀ ಇಷ್ಟೊಂದು ಅಂದ್ರೆ ಕೆಲವರಿಗೆ ಹಾಲು ಕಮ್ಮಿಯಾಗುತ್ತೆ ಅಂತಾರೆ. ಮಗುಗೆ ಹಾಲು ಬಿಡಿಸೋ ತಾಯಂದಿರು ಹಾಲು ಕಮ್ಮಿಯಾಗ್ಲಿ ಅಂತ ಬೇಕೂಂತಲೇ ಪುದೀನ ಕುಡಿಯೋದುಂಟು. ನಿಂಗೂ ಅದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲ್ಲ. ಪೂರ್ತಿ ಬಿಟ್ಟು ನೋಡು. ಹೊಟ್ಟೆ ತುಂಬ ತಿನ್ನು, ಬಾಯಾರಿದಾಗೆಲ್ಲ ನೀರು ಕುಡಿ. ಮಗು ಕೇಳಿದಾಗೆಲ್ಲ ಎದೆಗೆ ಹಾಕು, ಖಾಲಿ ಅನ್ನಿಸಿದ್ರೂ ಹಾಕು. ಅದು ಚೀಪಿದಷ್ಟೂ ಬರುತ್ತೆ. ತೂಕ ಏರೋವರೆಗೆ ಬಾಟ್ಲಿ ಹಾಲನ್ನೂ ಕೊಡಬೇಕು. ಅದರಲ್ಲಿ ನಾಚಿಕೆ ಏನಿಲ್ಲ." ಆಮೇಲೆ ನನ್ನನ್ನು ನೋಡಿದರು. "ಕಾರ್ಖಾನೆ ಬೀದಿಯವರಾ ನೀವು? ಅಲ್ಲಿಂದ ಬರೋರೆಲ್ಲ ಇದೇ ಹೇಳ್ತಾರಪ್ಪ. ಹಾಲಿಲ್ಲ, ಹಾಲಿಲ್ಲ."

ಹೆಂಡತಿ ಬಾಯಲ್ಲಿದ್ದುದನ್ನು ಅಂಗೈಗೆ ಉಗಿದಳು. ಎಲ್ಲಿ ಬಿಸಾಡಬೇಕೆಂದು ತಿಳಿಯದೆ ಹಾಗೇ ಮುಷ್ಟಿ ಹಿಡಿದುಕೊಂಡಳು.

ದಾರಿಯಲ್ಲಿ ನಮ್ಮ ಬೀದಿಯ ಬಾಗಿಲು ಬಾಗಿಲನ್ನೂ ನೋಡುತ್ತಾ ಬಂದೆ. ಈ ಮನೆಯಲ್ಲಿ ಹಾಲಿನ ಬಾಟಲಿ, ಆ ಮನೆಯಲ್ಲಿ ಬಾಟಲಿ. ಇವಳ ವಂಶವೇ ಹಾಗೆ, ಅವಳಿಗೆ ಮೈಗಳ್ಳತನ, ಇನ್ನೊಬ್ಬಳಿಗೆ ಎದೆ ಜೋತುಬೀಳುತ್ತೆ ಅನ್ನೋ ಚಿಂತೆ... ಕೇಳಿಕೊಂಡೇ ಬೆಳೆದಿದ್ದೆ.

ಮೆಟ್ಟಿಲ ಬುಡದಲ್ಲಿ ಹೆಂಡತಿ ನಿಂತಳು. "ನಿಮ್ಮಮ್ಮನ ಮನೆಗೆ ಹೋಗ್ತೀಯಾ?" ಎಂದು ಕೇಳಿದೆ.

"ನೀನು ಹೇಳೋದು ಹೇಳು. ಆಮೇಲೆ ನೋಡೋಣ."

ನೀರು ಬರುವ ಹೊತ್ತೇ ಆಗಿತ್ತು. ಅದೇ ಸಾಲು, ಅದೇ ಬಕೆಟ್ಟುಗಳು. ಒಳಗೆ ಹೋಗಿ ಡಬ್ಬಿ ಎತ್ತಿಕೊಂಡು ಬಂದು ನಡುವೆ ನಿಂತೆ.

"ನಿನ್ನೆ ನಕ್ಕೋರೆಲ್ಲ ಇದೀರಲ್ಲ? ಇವತ್ತೂ ಕೇಳಿ," ಅಂದೆ. ನರ್ಸಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಆಣೆ ಮಾಡಿ ಹೇಳಲ್ಲ ಅಂದದ್ದನ್ನೂ ಬಿಡಲಿಲ್ಲ. "ನನ್ನ ಹೆಂಡ್ತಿ ಶೋಕೇಸಲ್ಲ. ಇನ್ನೊಂದು ಸಲ ಆ ಮಾತು ಯಾರ ಬಾಯಲ್ಲಾದರೂ ಬಂದ್ರೆ, ಈ ಸಲ ಬಕೆಟ್ಟಿಗೆ ಒದೆಯಲ್ಲ!"

ಪೆಪ್ಪರ್‌ಮೆಂಟು ಚೀಪುತ್ತಿದ್ದ ಟೈಲರಮ್ಮನ ದವಡೆ ಆಡುವುದು ನಿಂತಿತು. ಕಂಡಕ್ಟರನ ಹೆಂಡತಿ, "ನಮ್ಮ ಎರಡಕ್ಕೂ ಬಾಟ್ಲಿಯೇ..." ಅಂದಳು.

ಅಮ್ಮ ಮಾತ್ರ ಸೊಂಟಕ್ಕೆ ಕೈ ಕೊಟ್ಟು ಮುಂದೆ ಬಂದಳು. "ಓಹೋ, ನಂಗೇ ಪಾಠ ಹೇಳೋಕೆ ಬಂದ್ಯಾ? ಹೆಂಡ್ತಿ ಊದಿದ ಪೀಪಿ! ಆ ಮೇಜಿನ ಮುಂದೆ ಕೂತು ಹಗಲೆಲ್ಲಾ ಇದನ್ನ ಬಾಯಲ್ಲಿಟ್ಕೊಂಡೇ ನಿನ್ನ ಸಾಕಿಲ್ವೇನೋ ನಾನು? ನಂಗೇನಾಗಿತ್ತು?"

ಕೆಳಗೆ ಬಕೆಟ್ಟು ತುಂಬಿ ಹರಿಯುತ್ತಿತ್ತು, ನಲ್ಲಿ ನಿಲ್ಲಿಸಲು ಯಾರೂ ಕೈ ಹಾಕಲಿಲ್ಲ.

ತಾನು ಆಡಿದ ಮಾತು ಅಮ್ಮನಿಗೆ ತಡವಾಗಿ ಕೇಳಿಸಿತು. ಕೈ ಸೊಂಟದಿಂದ ಜಾರಿತು. ಹೆಂಡತಿಯ ತೋಳಿನಲ್ಲಿದ್ದ ಕೂಸನ್ನು ನೋಡಿದಳು, ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. ಕೇಳಿದಾಗ ದನಿ ಅಮ್ಮನದಾಗಿರಲಿಲ್ಲ, ಯಾರೋ ಚಿಕ್ಕ ಹುಡುಗಿಯದಾಗಿತ್ತು.

"ಹಾಗಾದ್ರೆ... ಆ ಮುದುಕಿ ಅಷ್ಟು ವರ್ಷ ನನ್ನ ಅಂದಿದ್ದು... ನಂದೂ ಇದೇ ಆಗಿತ್ತೇನೋ? ಹೇಳೋ."

ಹೌದಮ್ಮ ಅನ್ನಬಹುದಿತ್ತು. ನಂಗೇನು ಗೊತ್ತು ಅನ್ನಬಹುದಿತ್ತು, ಅದೇ ನಿಜ. ನಿನ್ನೆಯ ಮಾತು ಇನ್ನೂ ಕಿವಿಯಲ್ಲಿ ಉರಿಯುತ್ತಿತ್ತು.

"ಹೇಳೋ, ಕಂದಾ."

ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಕೆಟ್ಟುಗಳ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲಿಳಿದು ಕಾರ್ಖಾನೆಯ ಕಡೆಗೆ ಹೋದೆ.